ಡೋಣಿಯ ಹೂಳು ತೆಗೆದರಷ್ಟೇ ಸಾಕೆ?

ವಿಜಯಪುರ ಜಿಲ್ಲೆಯಲ್ಲಿ ಮಳೆಗಾಲದ ಕೊನೆಗೆ ಡೋಣಿ ನದಿ ದಂಡೆ ಮೀರಿ, ತಾಳಿಕೋಟೆ ಬಳಿಯ ಕೆಳಮಟ್ಟದ ಸೇತುವೆ ಮುಳುಗಿ, ಸಾರವಾಡದ ಕಡೆಯ ಹೊಲಗಳಲ್ಲಿ ನೀರು ನಿಂತಾಗಲೆಲ್ಲ ಕೇಳಿಬರುವ ಬೇಡಿಕೆ ಒಂದೇ: ಹೂಳು ತೆಗೆಸಿ, ಜಾಲಿಕಂಟಿ ಕಡಿಸಿ, ನದಿಯನ್ನು ನೆಟ್ಟಗೆ ಮಾಡಿಸಿ. ಕೈಗೆ ಬಂದ ಬೆಳೆ ಕಳೆದುಕೊಂಡ ರೈತರು ಹೀಗೆ ಕೇಳುವುದರಲ್ಲಿ ಆಶ್ಚರ್ಯವಿಲ್ಲ. ಪಾತ್ರದಲ್ಲಿ ಹೂಳು ತುಂಬಿರುವುದೂ ನಿಜ, ಬಳ್ಳಾರಿ ಜಾಲಿ ನೀರಿನ ದಾರಿಗೆ ಅಡ್ಡ ಬೆಳೆದಿರುವುದೂ ನಿಜ. ಆದರೆ ಆ ಹೂಳು ಎಲ್ಲಿಂದ ಬಂತು, ತೆಗೆದ ಮೇಲೂ ಏಕೆ ತುಂಬಿಕೊಳ್ಳುತ್ತದೆ, ನೆಟ್ಟಗೆ ಮಾಡಿದ ಹಳ್ಳ ಕೆಲವೇ ಮಳೆಗಾಲಗಳಲ್ಲಿ ತನ್ನ ದಂಡೆಯನ್ನೇ ಏಕೆ ತಿನ್ನತೊಡಗುತ್ತದೆ ಎಂಬುದನ್ನು ತಿಳಿಯದೆ ಜೆಸಿಬಿ ಇಳಿಸಿದರೆ ಆ ಖರ್ಚು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಗುತ್ತದೆ.

ಹಳ್ಳದ ಅಗಲ, ಆಳ, ಇಳಿಜಾರು, ಬಾಗು ಯಾವುದೂ ಆಕಸ್ಮಿಕವಲ್ಲ. ಹರಿದುಬರುವ ನೀರಿನ ಪ್ರಮಾಣ, ಪಾತ್ರದ ಇಳಿಜಾರು, ನೀರಿನೊಂದಿಗೆ ಬರುವ ಮಣ್ಣು-ಉಸುಕಿನ ಪ್ರಮಾಣ ಮತ್ತು ಅದರ ಕಣಗಳ ಗಾತ್ರ ಎಂಬ ನಾಲ್ಕರ ನಡುವಿನ ಹೊಂದಾಣಿಕೆಯಿಂದ ಅವು ರೂಪುಗೊಳ್ಳುತ್ತವೆ. ಅಮೆರಿಕದ ಎಂಜಿನಿಯರ್ ಎಮರಿ ಲೇನ್ 1955ರಲ್ಲಿ ಈ ಸಂಬಂಧವನ್ನು ಒಂದು ಸರಳ ಸೂತ್ರವಾಗಿ ಬರೆದರು. ಪಾಠಪುಸ್ತಕಗಳಲ್ಲಿ ಅದನ್ನು ತಕ್ಕಡಿಯ ಚಿತ್ರವಾಗಿ ತೋರಿಸುವುದು ವಾಡಿಕೆ. ಒಂದು ತಟ್ಟೆಯಲ್ಲಿ ನೀರು ಮತ್ತು ಇಳಿಜಾರು, ಇನ್ನೊಂದರಲ್ಲಿ ಹೂಳು ಮತ್ತು ಕಣದ ಗಾತ್ರ. ಹೂಳು ಹೆಚ್ಚಾಗಿ ನೀರು ಅಷ್ಟೇ ಇದ್ದರೆ ಹೊರಲಾರದ ಭಾರವನ್ನು ಹಳ್ಳ ಇಳಿಸಿಬಿಡುತ್ತದೆ, ಪಾತ್ರ ಮೇಲೇರುತ್ತದೆ. ನೀರು ಅಥವಾ ಇಳಿಜಾರು ಹೆಚ್ಚಾಗಿ ಹೂಳು ಅಷ್ಟೇ ಇದ್ದರೆ ಉಳಿದ ಶಕ್ತಿಯನ್ನು ಅದು ತಳ ಕೊರೆಯಲು, ದಂಡೆ ಕೆಡವಲು ಬಳಸುತ್ತದೆ. ಆದ್ದರಿಂದ ಹಳ್ಳದಲ್ಲಿ ಕಾಣುವ ಯಾವ ಬದಲಾವಣೆಯನ್ನು ನೋಡಿದರೂ ಮೊದಲು ಕೇಳಬೇಕಾದದ್ದು, ಈ ನಾಲ್ಕರಲ್ಲಿ ಯಾವುದು, ಎಲ್ಲಿ, ಯಾವಾಗ ಬದಲಾಯಿತು ಎಂದು.

ಡೋಣಿಯ ಮಟ್ಟಿಗೆ ಈ ಪ್ರಶ್ನೆಯ ಉತ್ತರವನ್ನು ಹುಡುಕಲು ದಂಡೆ ಬಿಟ್ಟು ಹೊಲದ ಕಡೆ ನಡೆಯಬೇಕು. ಮಹಾರಾಷ್ಟ್ರದ ಜತ್ತ ತಾಲ್ಲೂಕಿನಲ್ಲಿ ಹುಟ್ಟಿ ವಿಜಯಪುರ ಜಿಲ್ಲೆಯನ್ನು ಹಾಯ್ದು ಕೃಷ್ಣೆಯನ್ನು ಸೇರುವ ಈ ನದಿಯ ಎರಡೂ ಬದಿಗೆ ಆಳವಾದ ಎರೆ (ಕಪ್ಪು ಜಿಗುಟು ಮಣ್ಣಿನ) ನೆಲವಿದೆ. ಡೋಣಿ ಸಾಲು ಎಂದರೆ ಬಿಳಿಜೋಳಕ್ಕೆ ಹೆಸರಾದ ಭೂಮಿ. ವರ್ಷದ ಮಳೆ ಸರಾಸರಿ 600 ಮಿ.ಮೀ. ಸಹ ಮುಟ್ಟದ ಈ ಜಿಲ್ಲೆಯಲ್ಲಿ ಹಿಂಗಾರಿ ಬೆಳೆಯೇ ರೈತರ ಆಧಾರವಾಗಿದ್ದು, ಅದಕ್ಕಾಗಿ ಮುಂಗಾರಿನುದ್ದಕ್ಕೂ ಹೊಲವನ್ನು ಖಾಲಿ ಬಿಟ್ಟು, ಕುಂಟೆ ಹೊಡೆದು, ಹಸಿ ಹಿಡಿದಿಟ್ಟು, ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಜೋಳ, ಕಡಲೆ ಬಿತ್ತುವುದು ಹಳೆಯ ಪದ್ಧತಿ. ನೆಲದ ಹಸಿ ಉಳಿಸಲು ಇದು ಜಾಣ ಉಪಾಯವೇ. ಆದರೆ ಈ ಭಾಗದಲ್ಲಿ ವರ್ಷದ ಜೋರು ಮಳೆ ಬೀಳುವುದು ಹೆಚ್ಚಾಗಿ ಸೆಪ್ಟೆಂಬರಿನಲ್ಲಿ. ಅಂದರೆ ಹನಿಯ ಹೊಡೆತ ಅತಿ ಹೆಚ್ಚಿರುವ ಹೊತ್ತಿಗೆ ಹೊಲದ ಮೇಲೆ ಒಂದು ಎಲೆಯ ಮರೆಯೂ ಇರುವುದಿಲ್ಲ. ಬೇಸಿಗೆಯಲ್ಲಿ ಬಾಯಿ ಬಿಟ್ಟ ಎರೆ ನೆಲ ಮೊದಲ ಮಳೆಗಳನ್ನು ಬಿರುಕುಗಳ ಮೂಲಕ ಕುಡಿಯುತ್ತದೆ. ಒಮ್ಮೆ ನೆನೆದು ಉಬ್ಬಿ ಬಿರುಕು ಮುಚ್ಚಿಕೊಂಡಿತೆಂದರೆ ಮುಂದಿನ ಮಳೆ ಒಳಗಿಳಿಯದೆ ಮೇಲ್ಮಣ್ಣನ್ನು ಹೊತ್ತು ಹಳ್ಳಕ್ಕೆ ಹೋಗುತ್ತದೆ.

ಎಷ್ಟು ಮಣ್ಣು ಎಂಬುದಕ್ಕೆ ಒಂದು ಲೆಕ್ಕ ನೋಡಬಹುದು. ಒಂದು ಹೆಕ್ಟೇರ್ ಹೊಲದಿಂದ 1 ಮಿ.ಮೀ. ದಪ್ಪದ ಮಣ್ಣು ಹೋಯಿತೆಂದರೆ ಅದು 10 ಘನ ಮೀಟರ್, ತೂಕದಲ್ಲಿ ಸುಮಾರು 13 ಟನ್. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಮೂರು ನಾಲ್ಕು ಹೇರು. 1 ಮಿ.ಮೀ. ಹೋದದ್ದು ಹೊಲದಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಸಾವಿರಾರು ಹೆಕ್ಟೇರುಗಳಿಂದ ಹೀಗೆ ಹೊರಟದ್ದು ಎಲ್ಲಿ ನೀರಿನ ವೇಗ ಕುಗ್ಗುತ್ತದೆಯೋ ಅಲ್ಲಿ ಕೂರುತ್ತದೆ. ನುಣುಪಾದ ಎರೆ ಮಣ್ಣಿನ ಬಹುಭಾಗ ನೀರಿನಲ್ಲಿ ತೇಲಿಯೇ ಮುಂದೆ ಸಾಗುವಂಥದ್ದಾದರೂ ಜಾಲಿಯ ಬುಡ, ಆಪು ಹುಲ್ಲಿನ ಮೆಳೆ, ಬಾಂದಾರದ (ಹಳ್ಳಕ್ಕೆ ಅಡ್ಡ ಕಟ್ಟಿದ ಗೇಟುಳ್ಳ ಒಡ್ಡಿನ) ಹಿನ್ನೀರು, ಕಿರಿದಾದ ಮೋರಿಯ ಮೇಲ್ಬದಿ ಅದನ್ನು ತಡೆದು ನಿಲ್ಲಿಸುತ್ತವೆ. ಹೀಗೆ ಕೂತ ಹೂಳಿನ ಮೇಲೆ ಹೊಸ ಜಾಲಿ ಹುಟ್ಟುತ್ತದೆ, ಆ ಜಾಲಿ ಇನ್ನಷ್ಟು ಹೂಳು ಹಿಡಿಯುತ್ತದೆ.

ಇನ್ನು ಹಳ್ಳದ ಬಾಗುಗಳ ವಿಷಯ. ಸಮತಟ್ಟು ನೆಲದಲ್ಲಿ ಹರಿಯುವ ಹಳ್ಳ ಹಾವಿನಂತೆ ಬಳುಕುವುದನ್ನು ಕಂಡು ಅದು ದಾರಿ ತಪ್ಪಿದೆ ಎಂದು ಭಾವಿಸುವವರುಂಟು. ವಾಸ್ತವದಲ್ಲಿ ಬಾಗು ಅದರ ಇಳಿಜಾರನ್ನು ಹದದಲ್ಲಿಡುವ ವ್ಯವಸ್ಥೆ. ಒಂದು ಬಾಗಿನಿಂದ ಅದೇ ದಿಕ್ಕಿನ ಮುಂದಿನ ಬಾಗಿಗೆ ಇರುವ ದೂರ ಸಾಮಾನ್ಯವಾಗಿ ಹಳ್ಳದ ಅಗಲದ 10ರಿಂದ 14 ಪಟ್ಟು ಇರುತ್ತದೆಂಬುದು ಜಗತ್ತಿನ ಅನೇಕ ನದಿಗಳಲ್ಲಿ ಕಂಡುಬಂದಿದೆ. 20 ಮೀಟರ್ ಅಗಲದ ಹಳ್ಳದಲ್ಲಿ ಈ ದೂರ 200ರಿಂದ 280 ಮೀಟರ್ ಆಗುತ್ತದೆ. ಬಾಗಿನ ಹೊರಮೈಯಲ್ಲಿ ಮಡು, ಒಳಮೈಯಲ್ಲಿ ಉಸುಕಿನ ದಿಬ್ಬ, ಎರಡು ಬಾಗುಗಳ ನಡುವೆ ತೆಳುವಾಗಿ ಹರಿಯುವ ಕಲ್ಲುನೆಲ ಎಂಬ ಕ್ರಮ ಮರುಕಳಿಸುತ್ತದೆ. ಬೇಸಿಗೆಯಲ್ಲಿ ದನಕರುಗಳಿಗೆ ನೀರು ಉಳಿಯುವುದು ಆ ಮಡುಗಳಲ್ಲೇ.

ಇಂಥ ಹಳ್ಳವನ್ನು ನೆಟ್ಟಗೆ ಮಾಡಿದರೆ ಏನಾಗುತ್ತದೆ? ಬಾಗುಗಳೊಡನೆ 3 ಕಿ.ಮೀ. ಹರಿದು 1.5 ಮೀಟರ್ ಕೆಳಗಿಳಿಯುವ ಒಂದು ಹಳ್ಳವಿದೆ ಎನ್ನೋಣ. ಅದನ್ನು 2 ಕಿ.ಮೀ. ಕಾಲುವೆಯಾಗಿ ಕತ್ತರಿಸಿದರೆ ಇಳಿಯಬೇಕಾದ ಎತ್ತರ ಅಷ್ಟೇ ಇದ್ದು ದೂರ ಮಾತ್ರ ಕಡಿಮೆಯಾಗುವುದರಿಂದ ಇಳಿಜಾರು ಒಂದೂವರೆ ಪಟ್ಟಾಗುತ್ತದೆ. ಅದೇ ಆಳದ ನೀರಿಗೆ ವೇಗ ಶೇ 22ರಷ್ಟು ಏರುತ್ತದೆ. ತಳವನ್ನು ಉಜ್ಜುವ ಬಲ ಶೇ 50ರಷ್ಟು ಏರುತ್ತದೆ. ಹೂಳು ಹೊರುವ ಶಕ್ತಿ ಅದಕ್ಕಿಂತಲೂ ಹೆಚ್ಚಿನ ಪ್ರಮಾಣದಲ್ಲಿ ಏರುತ್ತದೆ. ಆ ವರ್ಷ ಆ ಊರಿನ ನೀರು ಬೇಗ ಇಳಿದುಹೋಗುವುದರಿಂದ ಕೆಲಸ ಯಶಸ್ವಿಯಾಯಿತೆಂದು ಎಲ್ಲರಿಗೂ ಅನ್ನಿಸುತ್ತದೆ. ಬೇಗ ಇಳಿದ ನೀರು ಕೆಳಗಿನ ಊರಿಗೆ ಒಮ್ಮೆಗೇ ತಲುಪುತ್ತದೆಂಬುದು ಆ ಊರಿನವರಿಗಷ್ಟೇ ಗೊತ್ತಾಗುತ್ತದೆ.

ಆಳ ಮಾಡುವುದರ ಪರಿಣಾಮ ಇದಕ್ಕಿಂತ ನಿಧಾನ, ಆದರೆ ಹೆಚ್ಚು ಕೆಡುಕಿನದು. 2 ಮೀಟರ್ ಆಳವಿದ್ದ ಹಳ್ಳದಲ್ಲಿ ಅದಕ್ಕಿಂತ ಹೆಚ್ಚಿನ ನೀರು ಬಂದಾಗ ಅದು ಪಕ್ಕದ ಬಯಲಿಗೆ ಹರಡಿ, ವೇಗ ಕಳೆದುಕೊಂಡು, ತನ್ನ ಹೂಳನ್ನು ತೆಳುವಾಗಿ ಹೊಲದ ಮೇಲೆ ಬಿಟ್ಟು ಹೋಗುತ್ತಿತ್ತು. ಡೋಣಿ ಹರಿದರೆ ಓಣಿ ತುಂಬ ಕಾಳು ಎಂಬ ನಾಡಮಾತಿನ ಹಿಂದೆ ಈ ತೆಳು ಹೂಳಿನ ಅನುಭವವೂ ಇದೆ ಎಂದು ನನಗೆ ತೋರುತ್ತದೆ. ಆಳವನ್ನು 4 ಮೀಟರಿಗೆ ಇಳಿಸಿದರೆ ಇಡೀ ಪ್ರವಾಹ ಕಂದಕದೊಳಗೇ ಸಾಗುತ್ತದೆ. ನೀರಿನ ಆಳ ಇಮ್ಮಡಿಯಾದಂತೆ ತಳದ ಮೇಲಿನ ಬಲವೂ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ.

ಎರೆ ಮಣ್ಣಿನ ಎತ್ತರದ ದಂಡೆ ಕುಸಿಯುವ ಬಗೆಯನ್ನು ಹತ್ತಿರದಿಂದ ಗಮನಿಸಬೇಕು. ಪ್ರವಾಹ ಏರಿದಾಗ ದಂಡೆ ಬೀಳುವುದು ಕಡಿಮೆ, ಏಕೆಂದರೆ ತುಂಬಿದ ನೀರೇ ಅದಕ್ಕೆ ಆಸರೆ. ನೀರು ಇಳಿದ ಮರುದಿನ ನೋಡಿದರೆ ದಂಡೆಯಿಂದ ಒಂದೆರಡು ಅಡಿ ಒಳಗೆ, ಹೊಲದ ಮೇಲೆ, ಹಳ್ಳಕ್ಕೆ ಸಮಾನಾಂತರವಾಗಿ ಒಂದು ಸೀಳು ಮೂಡಿರುತ್ತದೆ. ಬೇಸಿಗೆಯಲ್ಲಿ ನೆಟ್ಟಗೆ ಕೆಳಕ್ಕಿಳಿದಿದ್ದ ಬಿರುಕೇ ಅದು. ನೆನೆದು ಭಾರವಾದ ಮಣ್ಣು, ಒಳಗೆ ಸಿಕ್ಕಿಕೊಂಡ ನೀರಿನ ಒತ್ತಡ, ಕೆಳಗೆ ಎರೆಯ ಅಡಿಯ ಗರಸನ್ನು (ಸಡಿಲ ಕಲ್ಲುಮಣ್ಣನ್ನು) ನೀರು ತಿಂದು ಮಾಡಿದ ಪೊಟರೆ, ಇವು ಮೂರೂ ಸೇರಿ ಇಡೀ ಚಪ್ಪಡಿ, ಮೇಲಿನ ಜೋಳದ ಕೂಳೆ ಸಮೇತ ಪಾತ್ರಕ್ಕೆ ಜಾರುತ್ತದೆ. ಮುಂದಿನ ಹರಿವು ಆ ಗುಡ್ಡೆಯನ್ನು ಕರಗಿಸಿ ಒಯ್ಯುತ್ತದೆ, ಬುಡ ಮತ್ತೆ ಬರಿದಾಗುತ್ತದೆ. ಕೆಳಗೆ ಎಲ್ಲೋ ‘ಹೂಳು ತುಂಬಿತು’ ಎಂದು ದೂರು ಬರುವಾಗ ಆ ಹೂಳಿನ ಒಂದು ಪಾಲು ಹೊಲದಿಂದ ಬಂದದ್ದಲ್ಲ, ಮೇಲಿನವರು ಆಳ ಮಾಡಿಸಿದ ದಂಡೆಯಿಂದಲೇ ಬಂದದ್ದು.

ಅಷ್ಟರಲ್ಲೇ ಇದು ನಿಲ್ಲುವುದಿಲ್ಲ. ಅಗೆದ ಭಾಗದ ಮೇಲ್ತುದಿಯಲ್ಲಿ, ಅಗೆಯದ ಹಳೆಯ ತಳ ಮತ್ತು ಹೊಸ ತಳದ ನಡುವೆ ಒಂದು ಮೆಟ್ಟಿಲು ಉಂಟಾಗುತ್ತದೆ. ನೀರು ಅದರ ಮೇಲಿಂದ ಧುಮುಕಿ ಬುಡವನ್ನು ಕೊರೆದಂತೆ ಮೆಟ್ಟಿಲು ಹಿಂದೆ ಹಿಂದೆ, ಅಂದರೆ ಹಳ್ಳದ ಮೇಲ್ಗಡೆಗೆ, ಪ್ರತಿ ಮಳೆಗಾಲಕ್ಕೂ ಸರಿಯುತ್ತ ಹೋಗುತ್ತದೆ. ಅದು ಸಾಗಿದ ದಾರಿಯಲ್ಲಿ ಕೂಡುವ ಪ್ರತಿ ಉಪಹಳ್ಳಕ್ಕೂ ಇದ್ದಕ್ಕಿದ್ದಂತೆ ಕಡಿದಾದ ಬಾಯಿ ಸಿಕ್ಕಿ, ಅವೂ ಕೊರೆಯತೊಡಗುತ್ತವೆ. ಹೊಲಗಳಲ್ಲಿ ಕೊರಕಲುಗಳು ಏಳುತ್ತವೆ, ರಸ್ತೆಯಡಿಯ ಮೋರಿಗಳ (ಸಿಡಿಗಳ) ಅಡಿಪಾಯ ಬಯಲಾಗುತ್ತದೆ, ದಂಡೆಯ ಬಾವಿಗಳ ನೀರಿನ ಮಟ್ಟ ಹಳ್ಳದ ತಳದೊಂದಿಗೆ ಕೆಳಗಿಳಿಯುತ್ತದೆ. 1980ರ ದಶಕದಲ್ಲಿ ಅಮೆರಿಕದ ಮಿಸಿಸಿಪ್ಪಿ, ಟೆನೆಸಿ ರಾಜ್ಯಗಳ ನೆಟ್ಟಗೆ ಮಾಡಲಾದ ಹಳ್ಳಗಳನ್ನು ಅಧ್ಯಯನ ಮಾಡಿದ ತಜ್ಞರು ಈ ಬದಲಾವಣೆಗೆ ಒಂದು ಕ್ರಮವಿದೆಯೆಂದು ತೋರಿಸಿದರು: ಮೊದಲು ತಳ ಇಳಿಯುತ್ತದೆ, ದಂಡೆ ತಾಳಲಾರದಷ್ಟು ಎತ್ತರವಾದಾಗ ಹಳ್ಳ ಅಗಲವಾಗುತ್ತದೆ, ಅಗಲವಾದ ಕಂದಕದಲ್ಲಿ ಹೂಳು ಕೂರುತ್ತದೆ, ಕೊನೆಗೆ ಆ ಹೂಳಿನ ನಡುವೆ ಒಂದು ಚಿಕ್ಕ ಹಳ್ಳ, ಅದರ ಪಕ್ಕಕ್ಕೆ ಒಂದು ಚಿಕ್ಕ ಬಯಲು, ಮೊದಲಿನದಕ್ಕಿಂತ ಕೆಳಮಟ್ಟದಲ್ಲಿ ನೆಲೆಯಾಗುತ್ತವೆ. ಇದಕ್ಕೆ ದಶಕಗಳೇ ಬೇಕು. ಹಳ್ಳ ಈ ಕ್ರಮದ ಯಾವ ಹಂತದಲ್ಲಿದೆ ಎಂಬುದನ್ನು ಗುರುತಿಸುವುದೇ ದುರಸ್ತಿಯ ಮೊದಲ ಕೆಲಸ. ಅಗಲವಾಗುತ್ತಿರುವ ಹಂತದಲ್ಲಿ ದಂಡೆಗೆ ಕಲ್ಲು ಕಟ್ಟಿದರೆ ಕಲ್ಲೂ ಬೀಳುತ್ತದೆ, ತಾನಾಗಿ ನೆಲೆಯಾಗುತ್ತಿರುವ ಹಂತದಲ್ಲಿ ಹೂಳೆತ್ತಿದರೆ ಇಡೀ ಕಥೆ ಮೊದಲಿನಿಂದ ಶುರುವಾಗುತ್ತದೆ.

ಎಲ್ಲ ನದಿಗಳ ಕಾಯಿಲೆಯೂ ಒಂದೇ ಅಲ್ಲ ಎಂಬುದಕ್ಕೆ ಮಲಪ್ರಭೆ ಉದಾಹರಣೆ. ಬೆಳಗಾವಿ ಜಿಲ್ಲೆಯ ಕಣಕುಂಬಿಯಲ್ಲಿ, ವರ್ಷಕ್ಕೆ 3000 ಮಿ.ಮೀ.ಗೂ ಮಿಕ್ಕಿ ಮಳೆ ಸುರಿಯುವ ಕಾಡಿನಲ್ಲಿ ಹುಟ್ಟುವ ಆ ನದಿಗೆ ನವಿಲುತೀರ್ಥದಲ್ಲಿ ಸುಮಾರು 37.7 ಟಿಎಂಸಿ ಅಡಿ ಸಾಮರ್ಥ್ಯದ ಜಲಾಶಯವಿದೆ. ಅಣೆಕಟ್ಟಿನ ಕೆಳಗೆ ಪ್ರತಿ ವರ್ಷ ಪಾತ್ರವನ್ನು ತೊಳೆಯುತ್ತಿದ್ದ ಮಧ್ಯಮ ಹರಿವುಗಳು ನಿಂತವು. ಆದರೆ ಬೆಣ್ಣೆಹಳ್ಳದಂಥ ಉಪನದಿಗಳು ಎರೆ ನಾಡಿನ ಹೂಳನ್ನು ತರುವುದು ನಿಲ್ಲಲಿಲ್ಲ. ತೊಳೆಯುವ ನೀರಿಲ್ಲದೆ ಪಾತ್ರ ಕಿರಿದಾಯಿತು, ಜಾಲಿ ಬೆಳೆಯಿತು, ಒಣಗಿದ ಅಂಚಿಗೆ ಹೊಲಗಳು ಇಳಿದವು. 2009 ಮತ್ತು 2019ರಲ್ಲಿ ಜಲಾಶಯ ತುಂಬಿ ನೀರು ಬಿಡಬೇಕಾಗಿ ಬಂದಾಗ ನದಿಗೆ ಹಳೆಯ ಅಗಲ ಬೇಕಾಯಿತು, ಅದು ಸಿಗಲಿಲ್ಲ. 2019ರ ಆಗಸ್ಟಿನಲ್ಲಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ನುಗ್ಗಿದ್ದನ್ನು ಬಾಗಲಕೋಟೆ ಜಿಲ್ಲೆಯವರು ಮರೆತಿರಲಾರರು. ಇಲ್ಲಿ ತಕ್ಕಡಿಯಲ್ಲಿ ಹಗುರಾದದ್ದು ನೀರಿನ ತಟ್ಟೆ. ಡೋಣಿಯಲ್ಲಿ ಭಾರವಾದದ್ದು ಹೂಳಿನ ತಟ್ಟೆ. ಎರಡಕ್ಕೂ ಒಂದೇ ಅಂದಾಜುಪಟ್ಟಿ ಹೊಂದುವುದಿಲ್ಲ.

ದುರಸ್ತಿಯನ್ನು ಮೇಲಿನಿಂದ ಕೆಳಕ್ಕೆ ಮಾಡಿಕೊಂಡು ಬರಬೇಕೆಂಬುದು ಜಲಾನಯನ ಕೆಲಸದ ಹಳೆಯ ನಿಯಮ. ಮಡ್ಡಿ (ಎತ್ತರದ, ತೆಳು ಮಣ್ಣಿನ) ನೆಲದಲ್ಲಿ ಹುಲ್ಲು ಮತ್ತು ಸಮಪಾತಳಿ (ಇಳಿಜಾರಿಲ್ಲದೆ ಒಂದೇ ಮಟ್ಟದಲ್ಲಿ ಸಾಗುವ) ಬದು, ಎರೆ ನೆಲದಲ್ಲಿ ತುಸು ಇಳಿಜಾರಿನ ಬದು ಮತ್ತು ಹೆಚ್ಚಾದ ನೀರು ಸುರಕ್ಷಿತವಾಗಿ ಹೊರಹೋಗುವ ಕಲ್ಲಿನ ಕೋಡಿ. ಈ ವ್ಯತ್ಯಾಸವನ್ನು ಮರೆತು ಎರೆ ಹೊಲಕ್ಕೂ ಸಮಪಾತಳಿ ಬದು ಹಾಕಿದ ಕಡೆಗಳಲ್ಲಿ ನೀರು ನಿಂತು ಬೆಳೆ ಕೊಳೆತದ್ದೂ, ಬೇಸಿಗೆಯ ಬಿರುಕಿನಿಂದ ಬದು ಒಡೆದದ್ದೂ ಇದೆ. ಒಡೆದ ಬದುವಿನಿಂದ ಒಮ್ಮೆಗೇ ಹೊರಟ ನೀರು ಹೊಸ ಕೊರಕಲನ್ನೇ ಮಾಡುತ್ತದೆ. ಒಣಬೇಸಾಯದ ಸಂಶೋಧನೆ ವಿಜಯಪುರದಲ್ಲಿ 1930ರ ದಶಕದಲ್ಲೇ ಆರಂಭವಾಗಿದ್ದು, ಮುಂಗಾರಿನಲ್ಲಿ ಹೊಲವನ್ನು ಚಿಕ್ಕ ಚಿಕ್ಕ ಚೌಕು ಮಡಿಗಳಾಗಿ ವಿಂಗಡಿಸಿ ಬಿದ್ದ ಮಳೆಯನ್ನು ಬಿದ್ದಲ್ಲೇ ಇಂಗಿಸುವ ಪದ್ಧತಿ ಈ ಭಾಗದ ರೈತರಿಗೆ ಹೊಸದಲ್ಲ. ಅದನ್ನು ಬೆಳೆಯ ಇಳುವರಿಗಾಗಿ ಮಾಡುವ ಕೆಲಸವೆಂದಷ್ಟೇ ನೋಡಲಾಗಿದೆ. ನನ್ನ ಅಭಿಪ್ರಾಯದಲ್ಲಿ ಡೋಣಿಯ ಹೂಳೆತ್ತುವ ಯೋಜನೆಯ ಖರ್ಚಿನ ಮೊದಲ ಸಾಲು ಚೌಕು ಮಡಿಯೇ ಆಗಬೇಕು. ಮುಂಗಾರಿನಲ್ಲಿ ಹೆಸರುಕಾಳಿನಂಥ ಅಲ್ಪಾವಧಿ ಬೆಳೆ ಹಾಕಿ ನೆಲ ಮುಚ್ಚುವುದು, ಮಳೆ ಸಾಕಾಗುವ ಕಡೆ, ಅದರ ಜೊತೆಗೆ ಹೋಗಬಹುದು.

ಎರಡನೆಯದಾಗಿ ಹಿಂದೆ ಸರಿಯುತ್ತಿರುವ ಮೆಟ್ಟಿಲುಗಳನ್ನು ನಿಲ್ಲಿಸಬೇಕು. ಚಿಕ್ಕ ಕೊರಕಲುಗಳಲ್ಲಿ ಇದಕ್ಕೆ ಒರಟು ಕಲ್ಲಿನ ತಡೆಗಳು ಸಾಕು. ಅವುಗಳ ಅಂತರವನ್ನು ಕಣ್ಣಳತೆಯಲ್ಲಿ ನಿರ್ಧರಿಸದೆ, ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡಕ್ಕೆ ಸರಿಸಮವಾಗಿ ಬರುವಂತೆ ಇಡಬೇಕು; ನೂರು ಮೀಟರಿಗೆ 2 ಮೀಟರ್ ಇಳಿಯುವ ಕೊರಕಲಿನಲ್ಲಿ 60 ಸೆಂ.ಮೀ. ಎತ್ತರದ ತಡೆಗಳು 30 ಮೀಟರಿಗೊಂದು ಬರುತ್ತವೆ. ತಡೆಯ ನಡುಭಾಗ ತಗ್ಗಾಗಿರಬೇಕು, ಎರಡೂ ತುದಿಗಳು ದಂಡೆಯೊಳಗೆ ಹುಗಿದಿರಬೇಕು, ನೀರು ಬೀಳುವಲ್ಲಿ ಕಲ್ಲು ಹಾಸಿರಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ನೀರು ತುದಿಯನ್ನು ಸುತ್ತಿ ಇಲ್ಲವೆ ಬುಡವನ್ನು ಕೊರೆದು ಹೊಸ ದಾರಿ ಮಾಡಿಕೊಳ್ಳುತ್ತದೆ. ದಂಡೆ ಕೊಚ್ಚಿಹೋಗಿ ನಡುವೆ ಒಂಟಿಯಾಗಿ ನಿಂತ ಚೆಕ್ ಡ್ಯಾಂ ನಮ್ಮ ಕಡೆ ಯಾವ ತಾಲ್ಲೂಕಿನಲ್ಲಾದರೂ ನೋಡಲು ಸಿಗುತ್ತದೆ.

ಇಷ್ಟಾದ ಮೇಲೆ ಮುಖ್ಯ ಪಾತ್ರದ ಆಕಾರ. ಹಳ್ಳ ತನಗೆ ಎಷ್ಟು ಅಗಲ ಬೇಕೆಂದು ದಂಡೆಯ ಮೇಲೇ ಗುರುತು ಬಿಟ್ಟಿರುತ್ತದೆ: ಉಸುಕಿನ ದಿಬ್ಬದ ನೆತ್ತಿ, ದಂಡೆಯ ಇಳಿಜಾರು ಒಮ್ಮೆಲೇ ಬದಲಾಗುವ ಜಾಗ, ಕರಿಕೆ ಹುಲ್ಲು ಶುರುವಾಗುವ ಗೆರೆ. ಈ ಮಟ್ಟದವರೆಗೆ ತುಂಬಿ ಹರಿಯುವ ನೀರು ಸರಾಸರಿ ಒಂದೂವರೆ-ಎರಡು ವರ್ಷಕ್ಕೊಮ್ಮೆ ಬರುತ್ತದೆಂದೂ, ಪಾತ್ರದ ಗಾತ್ರವನ್ನು ಅದೇ ನಿರ್ಧರಿಸುತ್ತದೆಂದೂ ಅಮೆರಿಕದ ನದಿಗಳ ಅಧ್ಯಯನದಿಂದ ಬಂದ ಸೂತ್ರವಿದೆ. ಅದನ್ನು ಇಲ್ಲಿಗೆ ಹಾಗೆಯೇ ತರುವುದು ಅಪಾಯ. ಪುಣೆ ವಿಶ್ವವಿದ್ಯಾಲಯದ ಭೂರೂಪ ತಜ್ಞ ವಿಶ್ವಾಸ ಕಾಳೆ ಅವರ ಅಧ್ಯಯನಗಳು ಮುಂಗಾರು ನದಿಗಳ ಪಾತ್ರವನ್ನು ರೂಪಿಸುವುದರಲ್ಲಿ ಅಪರೂಪದ ದೊಡ್ಡ ಪ್ರವಾಹಗಳ ಪಾಲು ಬಹಳ ದೊಡ್ಡದೆಂದು ತೋರಿಸಿವೆ. ಆದ್ದರಿಂದ ನಮ್ಮ ಹಳ್ಳಗಳಿಗೆ ಎರಡು ಹಂತದ ಪಾತ್ರ ಹೆಚ್ಚು ಹೊಂದುತ್ತದೆ: ನಡುವೆ ಸಾಮಾನ್ಯ ಹರಿವಿಗೆ ಬಾಗುಗಳುಳ್ಳ ಕಿರಿದಾದ ಹಳ್ಳ, ಅದರ ಎರಡೂ ಪಕ್ಕ ತುಸು ಎತ್ತರದಲ್ಲಿ ಹುಲ್ಲು ಬೆಳೆದ ಅಗಲ ಮೆಟ್ಟಿಲು, ದೊಡ್ಡ ಪ್ರವಾಹ ಬಂದರೆ ಹರಡಿಕೊಳ್ಳಲು. ಮೇಲಿಂದ ಕೆಳಗೆ ಒಂದೇ ಅಗಲ, ಒಂದೇ ಆಳದ ನೆಟ್ಟ ಕಂದಕ ತೋಡುವುದು ಜೆಸಿಬಿಗೆ ಸುಲಭ, ಅಳತೆಪುಸ್ತಕಕ್ಕೂ ಸುಲಭ. ಆದರೆ ಅಷ್ಟಗಲದ ತಳದಲ್ಲಿ ಚಿಕ್ಕ ಹರಿವು ತೆಳುವಾಗಿ ಹರಡಿ, ನಿಧಾನವಾಗಿ, ತಂದ ಹೂಳನ್ನೆಲ್ಲ ಅಲ್ಲೇ ಬಿಡುತ್ತದೆ.

ತೆಗೆದ ಹೂಳನ್ನು ದಂಡೆಯ ಮೇಲೆ ಗುಡ್ಡೆ ಹಾಕುವ ರೂಢಿಯನ್ನಂತೂ ಬಿಡಲೇಬೇಕು. ಆ ಗುಡ್ಡೆ ಹಳ್ಳಕ್ಕೂ ಬಯಲಿಗೂ ನಡುವೆ ಗೋಡೆಯಾಗಿ ನಿಂತು, ಹೊರಗಿನ ಹೊಲದ ನೀರು ಒಳಗೆ ಬರದಂತೆ, ಒಳಗಿನ ಪ್ರವಾಹ ಹೊರಗೆ ಹರಡದಂತೆ ಮಾಡಿ, ಮೂರನೆಯ ಮಳೆಗೆ ತಾನೇ ಪಾತ್ರಕ್ಕೆ ಇಳಿಯುತ್ತದೆ. ಹತ್ತಿರದ ಮಡ್ಡಿ ಹೊಲಗಳಿಗೆ ಅದೇ ಹೂಳು ಉಪಯುಕ್ತ. ಆದರೆ ಡೋಣಿಯ ನೀರಿನಲ್ಲಿ ಉಪ್ಪಿನಂಶವಿರುವುದರಿಂದ ಹೂಳನ್ನು ಪರೀಕ್ಷೆ ಮಾಡಿಸಿಯೇ ಹೊಲಕ್ಕೆ ಹಾಕಬೇಕು. ಕಾಲುವೆ ನೀರಿನಿಂದ ಈಗಾಗಲೇ ಸವಳು-ಜವಳಿನ ತೊಂದರೆಗೆ ಸಿಕ್ಕಿದ ಹೊಲಕ್ಕೆ ಇನ್ನಷ್ಟು ಉಪ್ಪು ಸೇರಿಸಿದಂತಾಗಬಾರದು.

ಜಾಲಿಯ ವಿಷಯದಲ್ಲಿ ಆತುರ ಹೆಚ್ಚು. ಬಳ್ಳಾರಿ ಜಾಲಿ ಅಮೆರಿಕ ಖಂಡದಿಂದ ಬಂದದ್ದು. ಕಡಿದರೆ ಬುಡದಿಂದ ನಾಲ್ಕು ಪಟ್ಟು ಚಿಗುರುತ್ತದೆ. ನಡುಪಾತ್ರದ ಗಿಡಗಳನ್ನು ಬೇರು ಸಮೇತ ಕಿತ್ತರೆ ಮಾತ್ರ ಪ್ರಯೋಜನ. ದಂಡೆಯ ಮೇಲಿನದನ್ನು ಒಮ್ಮೆಲೇ ಬೋಳು ಮಾಡದೆ, ತುಂಡು ತುಂಡಾಗಿ ತೆಗೆದು ಆ ಜಾಗಕ್ಕೆ ಬೇರೆ ಬೇರು ಹಿಡಿಸಬೇಕು: ಬುಡದಲ್ಲಿ ಜೇಕು ಮತ್ತು ಕರಿಕೆ, ಇಳಿಜಾರಿನಲ್ಲಿ ಲಕ್ಕಿ, ಮೇಲೆ ಹೊಂಗೆ, ಕರಿಜಾಲಿ. ಇವುಗಳಲ್ಲಿ ಕರಿಕೆ, ಹೊಂಗೆ, ಕರಿಜಾಲಿ ಸವಳನ್ನು ಒಂದು ಮಟ್ಟಿಗೆ ತಾಳುತ್ತವೆ. ಎರಡು ಮೀಟರಿಗಿಂತ ಎತ್ತರದ ಕಡಿದಾದ ದಂಡೆಯನ್ನು ಮೊದಲು ಇಳಿಜಾರಾಗಿ ಕತ್ತರಿಸದೆ ನೆಟ್ಟ ಸಸಿ ದಂಡೆಯೊಡನೆಯೇ ಹೋಗುತ್ತದೆ.

ಬಾಂದಾರಗಳ ಗೇಟುಗಳನ್ನು ಮಳೆಗಾಲದ ಮೊದಲು ತೆಗೆದು, ಮಳೆ ಮುಗಿಯುವಾಗ ಹಾಕಬೇಕೆಂಬುದು ಆ ಕಟ್ಟಡದ ಮೂಲ ನಿಯಮ. ತುಕ್ಕು ಹಿಡಿದು ಎತ್ತಲು ಬಾರದ ಗೇಟು ಇಡೀ ಬಾಂದಾರವನ್ನು ಹೂಳಿನ ಬೋನಾಗಿ ಮಾಡುತ್ತದೆ. ಕೆಳಮಟ್ಟದ ಸೇತುವೆಗಳನ್ನು ಎತ್ತರಿಸುವಾಗಲೂ ಕಮಾನುಗಳನ್ನಷ್ಟೇ ಎತ್ತರಿಸಿ ಎರಡೂ ಕಡೆ ರಸ್ತೆಯ ಏರಿಯನ್ನು ಬಯಲಿಗೆ ಅಡ್ಡ ಹಾಕಿದರೆ ಆ ಏರಿಯೇ ಅಣೆಕಟ್ಟಾಗುತ್ತದೆ. ಏರಿಯ ಅಡಿಯಲ್ಲಿ, ಬಯಲಿನ ಮಟ್ಟಕ್ಕೆ, ಪ್ರವಾಹದ ನೀರು ದಾಟಲು ಒಣ ಕಂಡಿಗಳಿರಬೇಕು.

ಕೆಲಸ ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ದೊಡ್ಡ ಉಪಕರಣ ಬೇಕಿಲ್ಲ. ಗೌಂಡಿಗಳು ಬಳಸುವ ನೀರಿನ ಪೈಪು, ಗುರುತು ಮಾಡಿದ ಹಗ್ಗ, ಒಂದು ಅಳತೆಕೋಲು ಇದ್ದರೆ ಹಳ್ಳಕ್ಕೆ ಅಡ್ಡಲಾಗಿ ಮೀಟರಿಗೊಂದರಂತೆ ಆಳ ಬರೆದುಕೊಳ್ಳಬಹುದು. ಅಳತೆಯ ಎರಡೂ ತುದಿಗೆ ಕಾಂಕ್ರೀಟಿನ ಗುರುತುಕಲ್ಲು ಹುಗಿದು, ಅದೇ ಜಾಗದಲ್ಲಿ ಪ್ರತಿ ಡಿಸೆಂಬರಿನಲ್ಲಿ, ನೀರು ಇಳಿದ ಮೇಲೆ, ಮತ್ತೆ ಅಳೆದರೆ ತಳ ಏರುತ್ತಿದೆಯೋ ಇಳಿಯುತ್ತಿದೆಯೋ, ದಂಡೆ ಎತ್ತ ಸರಿಯುತ್ತಿದೆ ಎಂಬುದು ಹಾಳೆಯ ಮೇಲೆ ಕಾಣುತ್ತದೆ. ಅಂದಾಜುಪಟ್ಟಿಯಲ್ಲಿ ಈ ಅಳತೆಗೆ ಕೆಲಸಕ್ಕೆ ಮೊದಲಿನ ಒಂದು ವರ್ಷ ಮತ್ತು ಕೆಲಸದ ನಂತರದ ಐದು ವರ್ಷಗಳ ಹಣ ಇಟ್ಟಿರಬೇಕು, ಮತ್ತು ಆ ಲೆಕ್ಕ ಗ್ರಾಮ ಪಂಚಾಯಿತಿಯಲ್ಲಿ ಯಾರು ಕೇಳಿದರೂ ನೋಡಲು ಸಿಗುವಂತಿರಬೇಕು.